ದಿನಕ್ಕೆ ಮೂರು ಎಳನೀರು

ಪುಣೆ
26 ಜೂನ್ 2025, ಗುರುವಾರ

ಅವ್ವ,

ನಾನಿಲ್ಲಿ ಕ್ಷೇಮ, ನೀನಲ್ಲಿ ಕ್ಷೇಮವೇ ಎಂದು ಶುರುಮಾಡಬೇಕು. ಇವತ್ತು ಆ ಸಾಲು ಕೈಗೆ ಬರುತ್ತಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ "ಉಂಡ್ಯೇನವ್ವ" ಅಂತ ಮಾತು ತಿರುಗಿಸಿ ಇಟ್ಟುಬಿಡುತ್ತೀಯ. ಅದಕ್ಕೇ ಕೈಯಲ್ಲಿ ಬರೆದು, ಫೋಟೊ ತೆಗೆದು ತಮ್ಮ ಪ್ರೀತಂಗೆ ಕಳಿಸುತ್ತಿದ್ದೇನೆ. ಅವನು ಮದ್ದೂರಿನಲ್ಲಿ ಪ್ರಿಂಟ್ ಹಾಕಿಸಿ ತಂದುಕೊಡುತ್ತಾನೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಲೇ ಮಕ್ಕಳ ಪಕ್ಕ ಕೂತು ಅಕ್ಷರ ಕಲಿತವಳು ನೀನು. ಬರೆದದ್ದನ್ನು ತಳ್ಳಿಹಾಕುವವಳಲ್ಲ.

ಮೊದಲು ಮುಖ್ಯವಾದದ್ದು. ಎಳನೀರು ನಿಲ್ಲಿಸು. ಈ ಕಾಗದ ಓದಿದ ತಕ್ಷಣ ಪ್ರೀತಂ ಜೊತೆ ಮಂಡ್ಯದ ಆಸ್ಪತ್ರೆಗೆ ಹೋಗಿ ದಾಖಲಾಗು.

ನಿನ್ನೆ ಅವನು ಎಲ್ಲಾ ಹೇಳಿದ. ನಿನ್ನ ರಕ್ತದಲ್ಲಿ ಐದರ ಆಸುಪಾಸು ಇರಬೇಕಾದ ಪೊಟ್ಯಾಸಿಯಂ ಆರು ದಾಟಿದೆಯಂತೆ. ಸಕ್ಕರೆ ಕಾಯಿಲೆಯಿಂದ ನಿನ್ನ ಕಿಡ್ನಿಗಳು ಮೊದಲೇ ಸೋತಿವೆ, ಹೆಚ್ಚಾದದ್ದನ್ನು ಹೊರಗೆ ಹಾಕಲಾರವು. ಇನ್ನೂ ಏರಿದರೆ ಹೃದಯ ನಿಂತೇ ಹೋಗಬಹುದು. ಡಾಕ್ಟರು ಅಡ್ಮಿಟ್ ಆಗಿ ಅಂದರೆ ಬ್ಯಾಗು ಎತ್ತಿಕೊಂಡು ಬಸ್ಸು ಹತ್ತಿದೆಯಂತೆ. "ಇವ್ರಿಗೇನ್ ಗೊತ್ತು, ನನ್ ಮಗಳೇ ಯೋಳವ್ಳೆ" ಅಂದೆಯಂತೆ. ಎದೆಯ ಗಡ್ಡೆಗೆ ಎರಡು ಸಲ ಕೀಮೋ ತಗೊಂಡು, ಬಾಕಿಯದನ್ನು ಬಿಟ್ಟು, ಎರಡು ತಿಂಗಳಿಂದ ದಿನಕ್ಕೆ ಮೂರು ಎಳನೀರು ಕುಡಿಯುತ್ತಿದ್ದೀಯಂತೆ.

ಹೌದು, ಹೇಳಿದವಳು ನಾನೇ. ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಗೆ ಊರಿನವರು ಶಾಲು ಹೊದಿಸಿ ಮೈಕು ಕೊಟ್ಟರಲ್ಲ, ಅವತ್ತು. ಲ್ಯಾಬಿನಲ್ಲಿ ನಾನು ಮಾಡುವ ಕೆಲಸ ಎಲ್ಲರಿಗೂ ಅರ್ಥವಾಗಲಿ ಅಂತ ಜಡೆಯ ಕಥೆ ಹೇಳಿದೆ. ಡಿಎನ್‌ಎ ಅಂದರೆ ಸಾಮಾನ್ಯವಾಗಿ ಎರಡು ಎಳೆಯ ಹುರಿ. ಕೆಲವು ಜೀನ್‌ಗಳ ಬಾಗಿಲಲ್ಲಿ, ಜೀನ್ ಕೆಲಸ ಶುರುಮಾಡಬೇಕೋ ಬೇಡವೋ ಎಂದು ತೀರ್ಮಾನವಾಗುವ ಜಾಗದಲ್ಲಿ, ಒಂದು ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ನಾಲ್ಕಾಗಿ ನಿಲ್ಲುತ್ತದೆ. ನೀನು ನನಗೆ ಹಾಕುತ್ತಿದ್ದ ನಾಲ್ಕು ಕಾಲಿನ ಜಡೆಯ ಹಾಗೆ. ಗಡ್ಡೆ ಬೆಳೆಸುವ ಜೀನಿನ ಬಾಗಿಲಲ್ಲಿ ಆ ಗಂಟು ಬಿಚ್ಚದೆ ನಿಂತರೆ ಜೀನ್ ಸುಮ್ಮನಾಗುತ್ತದೆ. ಅದು ಬಿಚ್ಚದ ಹಾಗೆ ಮಾಡುವ ಮದ್ದು ಹುಡುಕುತ್ತಿದ್ದೇನೆ ಅಂದೆ. ಗಂಟನ್ನು ಒಳಗಿಂದ ಹಿಡಿದಿಡುವುದು ಪೊಟ್ಯಾಸಿಯಂ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಎಳನೀರು ಮಾರುವ ಮರಿಯಯ್ಯ ಮುಂದಿನ ಸಾಲಲ್ಲೇ ಕೂತಿದ್ದ. ಅವನನ್ನು ನೋಡಿ, ನಮ್ಮ ಮದ್ದೂರಿನ ಎಳನೀರಲ್ಲಿ ಇರೋದೂ ಅದೇ ಪೊಟ್ಯಾಸಿಯಂ ಅಂದುಬಿಟ್ಟೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ, ನೆನಪಿಟ್ಟುಕೊಂಡೆ.

ಕಬ್ಬಿಗೆ ಪೊಟ್ಯಾಷ್ ಎರಚಿದ ಕೈ ನಿನ್ನದು. ಬುಡಕ್ಕೆ ಹಾಕಿದರೆ ಗರಿಗೆ ಸೇರುತ್ತದೆ ಅನ್ನುವುದು ನಿನಗೆ ಗೊತ್ತಿರುವ ಸತ್ಯ. ಮೈ ಹಾಗಲ್ಲ ಅವ್ವ. ಪ್ರತಿ ಜೀವಕೋಶದ ಒಳಗೂ ಆ ಗಂಟಿಗೆ ಬೇಕಾದದ್ದಕ್ಕಿಂತ ಹೆಚ್ಚು ಪೊಟ್ಯಾಸಿಯಂ ಆಗಲೇ ಇದೆ. ನೀನು ಎಷ್ಟು ಕುಡಿದರೂ ಗಂಟು ಒಂದಿಷ್ಟೂ ಬಿಗಿಯಾಗುವುದಿಲ್ಲ. ಕುಡಿದದ್ದೆಲ್ಲ ರಕ್ತದಲ್ಲೇ ಉಳಿಯುತ್ತಿದೆ.

"ಅಂಗಾರೆ ನಿನ್ನ ಔಸ್ದಿ?" ಅಂತ ಕೇಳುತ್ತೀಯ. ಹೇಳುತ್ತೇನೆ. ನನ್ನ ಮದ್ದು ಆ ಗಂಟಿನ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಗಾಜಿನ ಕೊಳವೆಯಲ್ಲಿ ಎಂಬತ್ತು ಡಿಗ್ರಿ ಕಾಯಿಸಿದರೂ ಗಂಟು ಬಿಚ್ಚಲಿಲ್ಲ, ಕುಣಿದಾಡಿಬಿಟ್ಟೆ. ಆಮೇಲೆ ಜೀವಕೋಶಗಳಿಗೆ ಹಾಕಿ ನೋಡಿದೆವು. ಅಂಥ ಗಂಟು ಬೇರೆ ನೂರಾರು ಜೀನ್‌ಗಳ ಬಾಗಿಲಲ್ಲೂ ಇದೆ. ಮದ್ದು ಅಲ್ಲೆಲ್ಲಾ ಹೋಗಿ ಕೂತಿತು. ಗಡ್ಡೆಯ ಕೋಶಗಳ ಜೊತೆ ಒಳ್ಳೆಯವೂ ಸತ್ತವು. ಅದು ಔಷಧಿಯಲ್ಲ.

ಆ ಫಲಿತಾಂಶ ನನ್ನ ಕೈಗೆ ಬಂದದ್ದು ಜಯಂತಿಗೆ ನಾಲ್ಕು ದಿನ ಮುಂಚೆ. ಶಾಲು ಹೊದ್ದು ನಿಂತಾಗಲೂ ನನಗೆ ಗೊತ್ತಿತ್ತು. ನೀನು ಕೆಳಗೆ ಕೂತು, ತಲೆಗೆ ಸೆರಗು ಹೊದ್ದು, ಉದುರಿದ ಕೂದಲು ಕಾಣದ ಹಾಗೆ ಮಾಡಿಕೊಂಡು, ನನ್ನನ್ನೇ ನೋಡುತ್ತಿದ್ದೆ. ಆ ಮುಖ ನೋಡಿ, ಮದ್ದು ಸೋತಿತು ಅನ್ನುವುದನ್ನು ಮುಚ್ಚಿಟ್ಟು ಎಳನೀರಿನ ಮಾತಾಡಿದೆ.

ನನ್ನಿಂದ ಏನೂ ಆಗುತ್ತಿಲ್ಲ ಅವ್ವ. ಐದು ವರ್ಷ ಆ ಗಂಟನ್ನೇ ನೋಡಿದ್ದೇನೆ. ನಿನ್ನ ಎದೆಯೊಳಗಿನ ಒಂದು ಕೋಶಕ್ಕೂ ನನ್ನ ಕೈ ಎಟುಕುವುದಿಲ್ಲ. ಕೀಮೋದಿಂದ ವಾಸಿಯಾಗಿಯೇ ಆಗುತ್ತದೆ ಎಂದು ಬರೆಯಲಾರೆ, ಇನ್ನೊಂದು ಸುಳ್ಳು ಬೇಡ. ಆದರೆ ಸದ್ಯಕ್ಕೆ ಇರುವ ದಾರಿ ಅದೊಂದೇ. ಭಾನುವಾರ ಮಂಡ್ಯ ಸ್ಟೇಷನ್ನಿನಲ್ಲಿ ಇಳಿದು ನೇರ ಆಸ್ಪತ್ರೆಗೆ ಬರುತ್ತೇನೆ. ನೀನು ವಾರ್ಡಿನಲ್ಲಿ ಇರಬೇಕು. ಬೈಯುವುದಿದ್ದರೆ ಅಲ್ಲೇ ಬೈಯಿ.

ನಿನ್ನ ಮಗಳು
ಅರುಂಧತಿ

ತಾ.ಕ.: ಇಷ್ಟು ಬರೆದು ಮರಿಯಯ್ಯನಿಗೆ ಫೋನ್ ಮಾಡಿ, ನಮ್ಮ ಮನೆಗೆ ಇನ್ನು ಎಳನೀರು ಕೊಡಬೇಡ ಅಂದೆ. ಆಯ್ತು ಬುಡವ್ವ ಅಂದ. ಆಮೇಲೆ ಕೇಳಿದ: "ಅಂಗಾರೆ ಚಿಕ್ಕಬೋರಮ್ಮಂಗೂ ನಿಲ್ಲಿಸ್ಬುಡ್ಲಾ? ಗಂಟಲಲ್ಲಿ ಗಡ್ಡೆ ಅಂತ ಆಸ್ಪತ್ರೆಗೆ ಓಯ್ತಿದ್ಲು. ನಿಮ್ಮವ್ವ ಯೋಳುದ್ಲು ಅಂತ ಅದ್ನ ಬುಟ್ಟು ಎಳ್ನೀರೇ ಕುಡೀತಾವ್ಳೆ." ಅವಳಿಗೆ ಓದಲು ಬರುವುದಿಲ್ಲ. ಮಂಡ್ಯಕ್ಕೆ ಹೊರಡುವ ಮುಂಚೆ ಅವಳ ಮನೆಗೆ ಹೋಗಿ ಈ ಕಾಗದ ಓದಿ ಹೇಳು ಅವ್ವ. ನನ್ನ ಮಾನ ಉಳಿಸಲು ನಡುವೆ ಏನನ್ನೂ ಬಿಡಬೇಡ.