ನಾಲ್ಕು ಗೆರೆ ನೀರು

ಬುಧವಾರ, ಬೆಳಗ್ಗೆ ಏಳೂವರೆ
ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು

ನನ್ನ ಟ್ಯಾಂಕಿನ ನಲ್ಲಿ ತಿರುಗಿಸುವ ಮಹನೀಯರಿಗೆ ಒದ್ದೆ ಕೈಯ ನಮಸ್ಕಾರ.

ಈ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಲ್ಲಿಗೇ ಕಟ್ಟಿದ್ದೇನೆ. ಅಂಚೆಗೆ ಹಾಕೋಣವೆಂದರೆ ಕಳ್ಳರ ವಿಳಾಸ ಯಾರೂ ಕೊಡುವುದಿಲ್ಲ. ನೀರು ಹಿಡಿಯುತ್ತಾ ಓದಿ. ಬಕೆಟ್ ತುಂಬುವಷ್ಟರಲ್ಲಿ ಒಂದು ಪುಟ ಮುಗಿಯುತ್ತದೆ. ಇನ್ನೊಂದು ಪುಟಕ್ಕೆ ಇನ್ನೊಂದು ಬಕೆಟ್ ಹಿಡಿದುಕೊಳ್ಳಿ, ನನ್ನ ಅಭ್ಯಂತರವಿಲ್ಲ.

ಮೊದಲು ಈ ನೀರಿನ ಗಾಡಿಯ ಕಥೆ ಹೇಳುತ್ತೇನೆ. ನನ್ನ ಆರು ಹಸುಗಳು ಮೇಯುವುದು ಈ ಮೇಲಿನ ಹುಲ್ಲುಗಾವಲಿನಲ್ಲಿ, ಬಾವಿ ಇರುವುದು ಕೆಳಗೆ ಮನೆಯ ಹಿಂದೆ. ನನ್ನ ಹೆಂಡತಿ ಇದ್ದಾಗ ದಿನಕ್ಕೆ ಎರಡು ಸಲ ಅವನ್ನು ಇಳಿಸಿ, ಕುಡಿಸಿ, ಮತ್ತೆ ಹತ್ತಿಸುತ್ತಿದ್ದಳು. ಈಗ ಐದು ತಿಂಗಳಿಂದ ಅವಳಿಲ್ಲ. ಯಾಕಿಲ್ಲ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅವಸರ ಬೇಡ. ನಾನು ಕರೆದರೆ ಹಸುಗಳು ಒಂದು ಕಿವಿ ಅಲ್ಲಾಡಿಸಿ ಸುಮ್ಮನಾಗುತ್ತವೆ. ಅವುಗಳಿಗೂ ಗೊತ್ತು, ಈ ಮುದುಕ ಕರೆದರೆ ಏನೋ ಕುಚೋದ್ಯ ಇರುತ್ತದೆ ಅಂತ. ಹಸು ನೀರಿಗೆ ಬರದಿದ್ದರೆ ನೀರೇ ಹಸುವಿನ ಹತ್ತಿರ ಹೋಗಬೇಕಲ್ಲ?

ವೆಲ್ಡಿಂಗ್ ಅಂಗಡಿಯ ಕಿಡಿಯನ್ನು ಹಿಡಿದೆ. ಅವನ ಮುಖಕ್ಕಿಂತ ಮುಂಚೆ ಅವನ ಕಿಡಿಯೇ ಕಾಣುವುದರಿಂದ ಊರೆಲ್ಲ ಅವನನ್ನು ಕರೆಯುವುದು ಹಾಗೇ. ಗುಜರಿಗೆ ಹೋಗಬೇಕಿದ್ದ ವ್ಯಾನೊಂದರ ಹಿಂದಿನ ಆಕ್ಸಲ್, ಎರಡು ಚಕ್ರ, ಒಂದಷ್ಟು ಕಬ್ಬಿಣದ ಪಟ್ಟಿ, ದಪ್ಪ ತಗಡು ಇಷ್ಟನ್ನು ಒಟ್ಟು ಮಾಡಿದೆವು. ಸಾವಿರ ಲೀಟರಿನ ಟ್ಯಾಂಕ್ ಬೆಸೆದ. ಮೊದಲ ದಿನ ಅರ್ಧ ತುಂಬಿಸಿ ಎಳೆದೆ. ಏರಿನಲ್ಲಿ ಬ್ರೇಕ್ ಹಾಕಿದೆ, ನಾನು ನಿಂತೆ, ನೀರು ನಿಲ್ಲಲಿಲ್ಲ. ಒಳಗೆ ಅದು ಮುಂದೆ ಬಂದು ಗುದ್ದಿ, ಹಿಂದೆ ಹೋಗಿ ಗುದ್ದಿ, ಟ್ರ್ಯಾಕ್ಟರನ್ನೇ ಅಲುಗಾಡಿಸಿಬಿಟ್ಟಿತು. ಕಿಡಿ ಟ್ಯಾಂಕಿನೊಳಗೆ ಇಳಿದು ಎರಡು ಅಡ್ಡ ತಗಡು ಹಾಕಿ, ನೀರು ಹಾಯಲು ಅವುಗಳ ಬುಡದಲ್ಲಿ ತೂತು ಬಿಟ್ಟ. ಅಲ್ಲಿಗೆ ನೀರಿಗೆ ಬುದ್ಧಿ ಬಂತು. ನನಗೂ ಅಂಥದ್ದೊಂದು ಅಡ್ಡ ತಗಡು ಹಾಕಿಬಿಡು ಅಂದೆ. ಅಷ್ಟು ದಪ್ಪದ ತಗಡು ಸಿಗೋದಿಲ್ಲ ಮಾವ ಅಂದ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆ ಬಾವಿಯ ಹತ್ತಿರ ಟ್ಯಾಂಕ್ ತುಂಬಿಸಿ, ಮುಂದಿನ ಮುಚ್ಚಳ ತೆಗೆದು, ಗೆರೆ ಕೊರೆದ ಬಿದಿರು ಕೋಲು ಇಳಿಸಿ ನೋಡುತ್ತೇನೆ. ಇಪ್ಪತ್ತು ಗೆರೆ. ಇಲ್ಲಿಗೆ ಎಳೆದು ತಂದು, ಗಾಡಿ ಬಿಚ್ಚಿ, ಟ್ರ್ಯಾಕ್ಟರ್ ಓಡಿಸಿಕೊಂಡು ಮನೆಗೆ ಹೋಗುತ್ತೇನೆ. ಮಧ್ಯಾಹ್ನ ತೊಟ್ಟಿಗೆ ನೀರು ಬಿಡಲು ಬಂದು ಕೋಲು ಇಳಿಸಿದರೆ ಹದಿನಾರು! ನಾಲ್ಕು ಗೆರೆ ಮಾಯ. ಮರುದಿನವೂ ಹದಿನಾರು. ಅದರ ಮರುದಿನವೂ ಅಷ್ಟೇ. ಇಷ್ಟು ಕರಾರುವಾಕ್ಕಾಗಿ ಕದಿಯುವವನು ಕಳ್ಳನಲ್ಲ, ಗುಮಾಸ್ತ.

ಜೀವನವಿಡೀ ಬೇರೆಯವರನ್ನು ಮಂಗ ಮಾಡಿದವನು ನಾನು. ನನ್ನನ್ನೇ ಯಾರೋ ಮಂಗ ಮಾಡುತ್ತಿದ್ದಾರೆ ಅನ್ನಿಸಿದ ಮೇಲೆ ಊಟ ರುಚಿಸಲಿಲ್ಲ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಬಟ್ಟೆಯ ಅಂಚು ಒದ್ದೆಯಾಗಿದೆಯೇ ಅಂತ ನೋಡತೊಡಗಿದೆ. ಪಕ್ಕದ ಗುಡ್ಡದಲ್ಲಿ ನಲವತ್ತು ಕುರಿ ಮೇಯಿಸುವವನ ಹತ್ತಿರ ಹೋಗಿ, ಕ್ಷೇಮ ಸಮಾಚಾರ ಕೇಳುವವನ ಹಾಗೆ ಒಂದೊಂದೇ ಕುರಿಯ ಮೂತಿ ಮುಟ್ಟಿ ನೋಡಿದೆ. ಏನು ಹುಡುಕುತ್ತಿದ್ದೀರಿ ಅಂತ ಕೇಳಿದ. ಮುಗುಳ್ನಗೆ ಅಂದೆ. ಅವನು ಆವತ್ತಿನಿಂದ ನನ್ನನ್ನು ಕಂಡರೆ ಕುರಿಗಳನ್ನು ಆಚೆ ಬದಿಗೆ ಹೊಡೆಯುತ್ತಾನೆ. ಅದನ್ನೂ ಅನುಮಾನದ ಪಟ್ಟಿಗೆ ಸೇರಿಸಿದೆ.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಕಿಡಿಯ ಅಂಗಡಿಗೆ ಹೋಗಿ ನಾಲ್ಕು ಜನರ ಮುಂದೆ, ನಿನ್ನ ಬೆಸುಗೆಯಲ್ಲಿ ಬೇಕಂತಲೇ ಸೂಜಿತೂತು ಬಿಟ್ಟಿದ್ದೀಯ, ಆಮೇಲೆ ರಿಪೇರಿಗೆ ಬರಲಿ ಅಂತ, ಅಂದುಬಿಟ್ಟೆ. ಅವನು ಕಪ್ಪು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದ. ನೀವು ತಮಾಷೆ ಮಾಡಿದ್ರೆ ನಗ್ತಿದ್ದೆ ಮಾವ, ಅಂದ. ಕನ್ನಡಕ ಇಳಿಸಿಕೊಂಡು ಕೆಲಸಕ್ಕೆ ಬಗ್ಗಿದ. ಅವನ ಕಣ್ಣು ಆಮೇಲೆ ಕಾಣಲಿಲ್ಲ.

ಕೊನೆಗೆ ಬೂದಿ ತಂದೆ. ಸೋಮವಾರ ಬೆಳಗ್ಗೆ ನಲ್ಲಿಯ ಸುತ್ತ, ತೊಟ್ಟಿಯ ಸುತ್ತ ತೆಳ್ಳಗೆ ಹರಡಿ, ಏನೂ ಗೊತ್ತಿಲ್ಲದವನ ಹಾಗೆ ಶಿಳ್ಳೆ ಹಾಕುತ್ತಾ ಹೊರಟೆ. ಮಧ್ಯಾಹ್ನ ಬಂದು ನೋಡಿದರೆ ಕಳ್ಳರು ಬಂದು ಹೋಗಿದ್ದರು. ಎರಡು ಚಪ್ಪಲಿಯ ಗುರುತು, ಅವುಗಳ ಹಿಂದೆ ಎಂಟು ಪುಟ್ಟ ಗೊರಸಿನ ಗುರುತು. ಎಂಟು ಗೊರಸು ಅಂದರೆ ಎರಡು ಆಡು.

ಅಷ್ಟಕ್ಕೇ ಮುಗಿಯಲಿಲ್ಲ. ತೊಟ್ಟಿಯ ಪಾಚಿಯನ್ನು ಯಾರೋ ತಿಕ್ಕಿ ತೆಗೆದಿದ್ದರು. ತೊಟ್ಟಿಕ್ಕುತ್ತಿದ್ದ ನಲ್ಲಿಯ ಬಾಯಿಗೆ ಬಟ್ಟೆಯ ಚೂರು ಸುತ್ತಿ ಗಂಟು ಹಾಕಿದ್ದರು. ಇದ್ಯಾವ ಸೀಮೆ ಕಳ್ಳತನ? ನೀರು ಕದ್ದು ತೊಟ್ಟಿ ತೊಳೆದು ಹೋಗುವ ಕಳ್ಳರನ್ನು ನಾನು ಕೇಳಿಲ್ಲ. ಬಗ್ಗಿ ಆ ಗಂಟು ನೋಡಿದೆ. ಅದು ಉಲ್ಟಾ ಸುತ್ತಿದ ಗಂಟು. ಎಡಗೈಯಲ್ಲಿ ಎಳೆದು, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದದ್ದು. ಬಟ್ಟೆಯ ತುದಿಯಲ್ಲಿ ಹಲ್ಲಿನ ಗುರುತೂ ಇತ್ತು.

ಬಲಗೈ ಬಾರದವರು ಹಾಕುವ ಗಂಟು ಅದು.

ಇನ್ನು "ಮಹನೀಯರೇ" ಅಂತ ಬರೆಯಲು ಆಗುವುದಿಲ್ಲ ಕಣೇ. ನಲ್ಲಿಯ ಹತ್ತಿರ ನಿಂತಿದ್ದವಳು ನಲ್ಲೆ ಅಂತ ಗೊತ್ತಾದ ಮೇಲೂ ಹೊರಗಿನವರ ಹಾಗೆ ಮಾತಾಡಿಸಲೇ? ಹುಬ್ಬು ಗಂಟಿಕ್ಕಬೇಡ. ಮಾತಿನ ಆಟ ಇದೊಂದೇ, ಇನ್ನು ಆಡುವುದಿಲ್ಲ.

ನೀನು ಅಂತ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಗೊತ್ತಾ? ಈ ಹುಲ್ಲುಗಾವಲಿನ ಆಚೆ ಬದಿಯ ನಿನ್ನ ತಂಗಿಯ ಮನೆಗೆ ಹೋಗುವ ದಿನ ನೀನು ಆ ಎರಡು ಆಡುಗಳ ಹಗ್ಗ ಹಿಡಿದು ಬಾಗಿಲಲ್ಲಿ ನಿಂತು ಎರಡು ಮಾತು ಹೇಳಿದೆ. ಈ ಮನೆಯ ಒಂದು ಹನಿ ನೀರೂ ಬೇಡ ಅಂದೆ. ಅದು ಸಿಟ್ಟಿನ ಮಾತು ಅಂತ ತಡೆದುಕೊಂಡೆ. ಎರಡನೆಯದನ್ನು ಮೆಲ್ಲಗೆ ಹೇಳಿದೆ: "ಇನ್ನು ಮೇಲೆ ನೀವು ನಿಜ ಹೇಳಿದ್ರೂ ನಾನು ಓಡಿ ಬರೋದಿಲ್ಲ."

ಆ ಮಾತು ಐದು ತಿಂಗಳಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿದೆ. ನಾನು ಜಾರಿ ಬಿದ್ದೆ ಅಂತಲೋ, ಜ್ವರದಲ್ಲಿ ಮಲಗಿದ್ದೇನೆ ಅಂತಲೋ ಹೇಳಿ ಕಳಿಸಿದರೆ, ಮುದುಕ ಮತ್ತೆ ಶುರು ಮಾಡಿದ ಅಂದುಕೊಂಡು ನೀನು ಆಡಿಗೆ ಸೊಪ್ಪು ಹಾಕುತ್ತಾ ಕೂರುತ್ತೀಯ. ತಪ್ಪು ನಿನ್ನದಲ್ಲ. ಈ ಕಾಗದವನ್ನೂ ಎರಡು ಸಲ ತಿರುಗಿಸಿ ನೋಡಿರುತ್ತೀಯ, ಒಳಗೆ ಕಪ್ಪೆ ಗಿಪ್ಪೆ ಇಟ್ಟಿದ್ದೇನೋ ಅಂತ. ಇಟ್ಟಿಲ್ಲ.

ಆವತ್ತಿನದನ್ನು ಬರೆಯುತ್ತೇನೆ. ಡಾಕ್ಟರ ಹತ್ತಿರ ಪಾಚಿ ಮೇಲೆ ಜಾರಿದಳು ಅಂದೆ. ಕಿಡಿಯ ಹತ್ತಿರ ಚಪ್ಪಲಿ ಸವೆದಿತ್ತು ಅಂದೆ. ನಿನ್ನ ತಂಗಿಯ ಹತ್ತಿರ, ಅವಳು ಯಾವಾಗಲೂ ಅವಸರದವಳು ಅಂದೆ. ಮೂರೂ ಸುಳ್ಳು. ಕೆಂದಹಸು ಬಾವಿಗೆ ಬಿತ್ತು ಅಂತ ಕೂಗಿದವನು ನಾನು. ಕೆಂದಹಸುವಿನ ಹಗ್ಗ ಹಿಡಿದು ಬಾವಿಕಟ್ಟೆಯ ಹಿಂದೆ ಅಡಗಿದ್ದವನೂ ನಾನು. ನೀನು ಹಿಟ್ಟಿನ ಕೈಯಲ್ಲೇ ಓಡಿ ಬಂದೆ, ಬಿದ್ದೆ. ಬಲಗೈ ಮಣಿಕಟ್ಟಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆದರೂ ಒಂದು ಗಳಿಗೆ ನಾನು ಇನ್ನೂ ನಗುತ್ತಿದ್ದೆ. ನಗು ಶುರುವಾಗಿಬಿಟ್ಟಿತ್ತು, ನಿಲ್ಲಿಸುವುದು ತಡವಾಯಿತು. ನೀನು ತಲೆ ಎತ್ತಿ ಆ ನಗು ನೋಡಿದೆ. ಕೈ ಮುರಿದದ್ದಕ್ಕಲ್ಲ ನೀನು ಹೋದದ್ದು, ಅದನ್ನು ನೋಡಿದ್ದಕ್ಕೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನು ಆ ನಾಲ್ಕು ಗೆರೆಯ ಲೆಕ್ಕ. ನೀನು ಸಿಕ್ಕಿಬಿದ್ದ ಮೇಲೆ ಎರಡು ಬಕೆಟ್ ತೆಗೆದು ಅಳೆದು ನೋಡಿದೆ, ಒಂದು ಗೆರೆಯೂ ಇಳಿಯಲಿಲ್ಲ. ಎಡಗೈಯಲ್ಲಿ ನೀನು ಅದಕ್ಕಿಂತ ಹೆಚ್ಚು ಹೊರಲಾರೆ. ಹಾಗಾದರೆ ಉಳಿದ ನೀರೆಲ್ಲಿ? ಬೇರೆ ದಾರಿ ಕಾಣದೆ ನಿನ್ನೆ ಕಿಡಿಯ ಅಂಗಡಿಗೆ ಹೋಗಿ ತಪ್ಪಾಯಿತು ಅಂದೆ. ನಂಬಲಿಲ್ಲ. ಇದರಲ್ಲಿ ಏನು ಕುಚೋದ್ಯ ಇದೆ ಅಂತ ನನ್ನ ಬೆನ್ನ ಹಿಂದೆಲ್ಲ ನೋಡಿದ. ಮೂರನೇ ಸಲ ಹೇಳಿದ ಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಬಂದ.

ಇಲ್ಲಿಗೆ ಬಂದವನೇ ಟ್ಯಾಂಕಿನ ಮೇಲೆ ರಸಮಟ್ಟ ಇಟ್ಟ, ಗೋಡೆ ಕಟ್ಟುವವರು ಓರೆಕೋರೆ ನೋಡಲು ಇಡುತ್ತಾರಲ್ಲ, ಅದು. ಅದರೊಳಗಿನ ಗುಳ್ಳೆ ಓಡಿಹೋಗಿ ಮುಂದಿನ ತುದಿಗೆ ಅಂಟಿಕೊಂಡಿತು. ಗಾಡಿ ನಿಂತದ್ದು ಇಳಿಜಾರಿನಲ್ಲಿ, ಮೂತಿ ಮೇಲೆ ಮಾಡಿಕೊಂಡು. ನಾನು ಕೋಲು ಇಳಿಸುತ್ತಿದ್ದದ್ದು ಮುಂದಿನ ಮುಚ್ಚಳದಲ್ಲಿ. ಬಾವಿಯ ಹತ್ತಿರ ಸಮನೆಲದಲ್ಲಿ ಇಪ್ಪತ್ತು ತೋರಿಸಿದ್ದು ಇಲ್ಲಿ ಹದಿನಾರಲ್ಲದೆ ಇನ್ನೆಷ್ಟು ತೋರಿಸಬೇಕು? ಕಿಡಿ ನಗಲಿಲ್ಲ. "ಮಾವ, ನೀರು ಎಲ್ಲೂ ಹೋಗಿಲ್ಲ. ಹಿಂದಕ್ಕೆ ಸರಿದು ಕೂತಿದೆ ಅಷ್ಟೇ," ಅಂದ.

ಅವನು ಟ್ಯಾಂಕಿನ ವಿಷಯ ಹೇಳಿದ್ದು. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಬಾ ಅಂತ ಕರೆಯುವುದಿಲ್ಲ. ನಾನು ಕರೆದು ನೀನು ಓಡಿ ಬಂದದ್ದು ಒಂದು ಸಲಕ್ಕೆ ಸಾಕು. ನೀರು ಮಾತ್ರ ತೆಗೆದುಕೊಳ್ಳುತ್ತಿರು. ಬೂದಿ ಗುಡಿಸಿದ್ದೇನೆ, ಇನ್ನು ಹಾಕುವುದಿಲ್ಲ. ಈ ಕಾಗದದಲ್ಲಿ ಎಷ್ಟು ನಂಬಬೇಕು ಅನ್ನುವುದು ನಿನಗೆ ಬಿಟ್ಟದ್ದು. ಮುಂದಿನ ಮುಚ್ಚಳದಲ್ಲಿ ಮಾತ್ರ ಅಳೆಯಬೇಡ.

ಇಂತಿ,
ಆರು ಹಸು, ಎರಡು ಆಡುಗಳ ನೀರಗಂಟಿ

ತಾ.ಕ.: ನಲ್ಲಿ ಯಾಕೆ ಎಡಗಡೆ, ಸೊಂಟದ ಎತ್ತರಕ್ಕೆ ಇದೆ ಅಂತ ನೀನು ಯೋಚಿಸಿರಬಹುದು. ಎಲ್ಲರೂ ಬಲಗಡೆ ಇಡಿಸುತ್ತಾರೆ ಅಂತ ಕಿಡಿ ವಾದ ಮಾಡಿದ. ಹಸುಗಳು ಆ ಕಡೆಯಿಂದ ಬರುತ್ತವೆ ಅಂತ ಸುಳ್ಳು ಹೇಳಿ ಅಲ್ಲೇ ಹಾಕಿಸಿದೆ. ಗಾಡಿಯನ್ನು ಆಚೆ ಸಮನೆಲಕ್ಕೆ ಎಳೆದು ನಿಲ್ಲಿಸಿ, ಆಗ ಅಳತೆ ಸರಿಹೋಗುತ್ತದೆ ಅಂತ ನಿನ್ನೆ ಅವನು ಹೇಳಿ ಹೋಗಿದ್ದಾನೆ. ಇನ್ನೂ ಎಳೆದಿಲ್ಲ. ಆ ಸಮನೆಲದಿಂದ ನಿನ್ನ ತಂಗಿಯ ಮನೆಯ ಬಾಗಿಲು ಕಾಣುವುದಿಲ್ಲ.