ವಾರಕ್ಕೊಂದು ಮನೆ

ಮನೆ, ಊಟದ ಮೇಜು,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ತೊಲೆ ಎತ್ತುವಾಗ ಸೊಂಟ ಹಿಡಿದುಕೊಂಡಿತು ಎಂದು ಬರೆದಿದ್ದೆ, ಆಮೇಲೆ ಏನಾಯಿತೆಂದು ಬರೆಯಲೇ ಇಲ್ಲ. ಬಡಗಿ ಮೇಷ್ಟ್ರೇ ತೊಲೆ ಹೊತ್ತರೆ ಶಿಷ್ಯರು ಏನು ಗರಗಸಕ್ಕೆ ಗಾಳಿ ಹಾಕುತ್ತಾರಾ ಎಂದು ನಮ್ಮನೆಯವರು ಕೇಳುತ್ತಿದ್ದಾರೆ. ನಾವೆಲ್ಲ ಚೆನ್ನಾಗಿದ್ದೇವೆ. ಅಂಗಡಿಯಲ್ಲಿ ಕೈತುಂಬ ಕೆಲಸ. ಅವರು ಗಾಜು ಕೊಯ್ಯುತ್ತಾರೆ, ನಾನು ಚೌಕಟ್ಟಿನ ಮೂಲೆ ಕೂಡಿಸುತ್ತೇನೆ. ಜಗಳವೆಲ್ಲ ಗೋಂದಿನ ಡಬ್ಬಿಗೆ ಮುಚ್ಚಳ ಹಾಕುವುದರ ಬಗ್ಗೆ ಮಾತ್ರ. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಕಾಗದ ಮುಗಿದ ಮೇಲೆ ಪೂರ್ತಿ ಓದಿ ಹೇಳಬೇಕಂತೆ, ನಡುವೆ ಏನನ್ನೂ ನುಂಗಬಾರದಂತೆ.

ಮೊದಲು ಚರ್ಚಿನ ಸುದ್ದಿ. ಹೋದ ವರ್ಷ ಚರ್ಚಿನಿಂದ ಕಳಿಸಿದ ಪೆಟ್ಟಿಗೆಯಲ್ಲಿ ಬಂದ ಉಣ್ಣೆಯ ಸ್ವೆಟರುಗಳಿಗೆ ನೀನು ಅಷ್ಟು ಹೃದಯ ತುಂಬಿ ವಂದನೆ ಬರೆದೆಯಲ್ಲ, ಅದನ್ನು ಆರಾಧನೆಯ ಕೊನೆಯಲ್ಲಿ ಓದಿದರು. ಸ್ತ್ರೀಯರ ಕೂಟದವರು ಕಣ್ಣೊರೆಸಿಕೊಂಡು ಈ ವರ್ಷವೂ ಸ್ವೆಟರನ್ನೇ ಹೆಣೆಯುತ್ತಿದ್ದಾರೆ. ನಿನ್ನ ಕಡೆ ವರ್ಷವಿಡೀ ಬೆವರು ಸುರಿಯುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನು ಮುಂದೆ ನಿನ್ನ ಧನ್ಯವಾದಕ್ಕೆ ಸ್ವಲ್ಪ ಉಪ್ಪು ಕಡಿಮೆ ಹಾಕು. ಬೇಕಾದದ್ದು ಬಾಗಿಲ ಕೀಲು ಮತ್ತು ಮೊಳೆ ಎಂದು ನೇರವಾಗಿ ಬರೆ. ನಮ್ಮವರು ಪ್ರೀತಿಯಿಂದಲೇ ತಪ್ಪು ಮಾಡುವವರು, ಹೇಳಿದರೆ ತಿದ್ದಿಕೊಳ್ಳುತ್ತಾರೆ. ಮಿಷನ್ ಸಮಿತಿಯ ಪತ್ರ ನಿನಗೆ ಮುಟ್ಟಿರಬೇಕು. ಇನ್ನೊಂದು ಅವಧಿಗೆ ಅಲ್ಲಿಯೇ ಉಳಿದು ತರಬೇತಿ ಶಾಲೆ ನಡೆಸುತ್ತೀಯಾ, ಏಪ್ರಿಲ್ ಕೊನೆಯೊಳಗೆ ಸಹಿ ಮಾಡಿ ತಿಳಿಸು ಎಂದು ಕೇಳಿದ್ದಾರೆ. ಆ ಸಮಿತಿಯಲ್ಲಿ ನಾನೂ ಇದ್ದೇನೆ, ನಾನೂ ಕೈ ಎತ್ತಿದ್ದೇನೆ. ನಿನ್ನ ಶಾಲೆಯಲ್ಲಿ ಕಲಿತವರು ತಮ್ಮ ಊರುಗಳಿಗೆ ಹೋಗಿ ಮನೆಗೆ ಬಾಗಿಲು, ಶಾಲೆಗೆ ಬೆಂಚು ಮಾಡುತ್ತಿದ್ದಾರೆ ಎಂದರೆ ಕೆಲಸ ನಿಲ್ಲಬಾರದು ಎಂದೇ ಯಾರಿಗಾದರೂ ಅನಿಸುತ್ತದೆ.

ಈಗ ಒಂದು ಸಣ್ಣ ಗಲಾಟೆಯ ಕಥೆ. ನಿನ್ನ ಫೋಟೊ ನೆನಪಿದೆ ತಾನೆ? ನೀನು ಹೊರಟ ವರ್ಷ ನಾನೇ ತೇಗದ ಪಟ್ಟಿಯಲ್ಲಿ ಚೌಕಟ್ಟು ಮಾಡಿಕೊಟ್ಟದ್ದು. ಅಂದಿನಿಂದ ಅದು ವಾರಕ್ಕೊಂದು ಮನೆಯ ಊಟದ ಮೇಜಿನ ಮೇಲೆ ಇರುತ್ತದೆ. ಆ ವಾರ ಆ ಮನೆಯವರು ಊಟಕ್ಕೆ ಮುಂಚೆ ನಿನಗಾಗಿ ಪ್ರಾರ್ಥಿಸುತ್ತಾರೆ, ಭಾನುವಾರ ಚರ್ಚಿಗೆ ತಂದು ಮುಂದಿನ ಮನೆಯವರ ಕೈಗೆ ಕೊಡುತ್ತಾರೆ. ನೀನಿಲ್ಲದೆಯೇ ಎಲ್ಲರ ಮನೆಯಲ್ಲೂ ಉಂಡಿದ್ದೀಯ. ಅಂಚೆಯವರ ಮನೆಯ ಎಣ್ಣೆಕಲೆ ಗಾಜಿನ ಒಂದು ಮೂಲೆಗೆ ಹತ್ತಿದೆ, ದಾದಿಯ ಮನೆಯ ಬೆಕ್ಕು ಚೌಕಟ್ಟಿನ ಅಂಚು ಪರಚಿದೆ. ರಿಪೇರಿಗೆ ಬಂದಾಗಲೆಲ್ಲ ನಾನು ಕಲೆ ನೋಡಿಯೇ ನೀನು ಯಾರ ಮನೆಯಿಂದ ಬಂದೆ ಎಂದು ಹೇಳಬಲ್ಲೆ. ನಿನ್ನನ್ನು ಒಮ್ಮೆಯೂ ನೋಡದ ಮಕ್ಕಳು ನಿನ್ನನ್ನು ಫೋಟೊ ಮಾವ ಎನ್ನುತ್ತಾರೆ. ಅವರ ಮಟ್ಟಿಗೆ ನಿನ್ನ ತಲೆಗೂದಲು ಇನ್ನೂ ಪೂರ್ತಿ ಕಪ್ಪು.

ಕಳೆದ ತಿಂಗಳು ನಮ್ಮ ಸರದಿ ಬಂತು. ಅಮ್ಮ ಫೋಟೊವನ್ನು ತನ್ನ ಕುರ್ಚಿಯ ಎಡಗಡೆ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಭಾನುವಾರ ಚರ್ಚಿಗೆ ಹೊರಟಾಗ ಕೈಚೀಲದಲ್ಲಿ ಬೈಬಲ್ ಇತ್ತು, ಫೋಟೊ ಇರಲಿಲ್ಲ. ಮುಂದಿನ ಸರದಿ ದರ್ಜಿಯದ್ದು. ಅವರು ಬಾಗಿಲ ಹತ್ತಿರ ಕಾದು ನಿಂತು, “ಅಮ್ಮಾ, ಮರೆತು ಬಂದ್ರಾ?” ಎಂದರು. ಅಮ್ಮ, “ಮರೆಯೋದಕ್ಕೆ ಅದೇನು ಛತ್ರೀನಾ? ಕೊಡಲ್ಲ, ಅಷ್ಟೇ” ಎಂದು ಒಳಗೆ ಹೋಗಿ ಕೂತಳು. ಮುಂದಿನ ವಾರವೂ ಇದೇ. ಮೂರನೆಯ ವಾರ ಪಾಸ್ಟರ್ ಮನೆಗೇ ಬಂದರು. ಅಮ್ಮ ಅವರ ಮುಖ ನೋಡದೆ ಪಕ್ಕದ ಗೋಡೆ ನೋಡುತ್ತ ಮಾತಾಡಿದಳು. ಪಾಪ, ಅವರು ತಮ್ಮ ಮೇಲೇ ಸಿಟ್ಟು ಎಂದುಕೊಂಡು ಚಹಾವನ್ನು ಅರ್ಧಕ್ಕೇ ಬಿಟ್ಟರು. ಇದು ಇಡೀ ಸಭೆಯ ಪ್ರಾರ್ಥನೆಯ ಸರಪಳಿ, ನಡುವೆ ಕಡಿದುಹೋಗಬಾರದು ಎಂದು ಮೆಲ್ಲಗೆ ಹೇಳಿದರು. ಅದಕ್ಕೆ ಅಮ್ಮ, “ಪಾಸ್ಟರೇ, ಎಲ್ಲರ ಮನೇಲೂ ಅವನು ಒಂದು ವಾರ ಇರ್ತಾನೆ. ನನ್ನ ಮನೇಲೂ ಒಂದೇ ವಾರ ಅಂದ್ರೆ ನಾನು ಹೆತ್ತದ್ದಕ್ಕೆ ಏನು ರಿಯಾಯಿತಿ?” ಎಂದಳು. ಇನ್ನೊಂದು ಪ್ರತಿ ದೊಡ್ಡದಾಗಿ ಮಾಡಿಸಿ ಇವಳಿಗೇ ಕೊಡುತ್ತೇನೆ ಎಂದೆ. “ದೊಡ್ಡದು ಮಾಡಿಸಿದ್ರೆ ಹತ್ತಿರ ಬರ್ತಾನಾ?” ಎಂದು ನನ್ನನ್ನೇ ಕೇಳಿದಳು.

ಬಗೆಹರಿದದ್ದು ಚರ್ಚಿನ ಹಿಂದಿನ ಕೋಣೆಯಲ್ಲಿ. ಹಳೆಯ ಕುರ್ಚಿಗಳನ್ನು ಪೇರಿಸಿಟ್ಟಿದ್ದ ಆ ಕೋಣೆಯಲ್ಲಿ ಈಗ ಶನಿವಾರ ಮಧ್ಯಾಹ್ನ ಪರದೇಶದಿಂದ ಕೂಲಿಗೆ ಬಂದವರಿಗೆ ಊಟ, ಆಮೇಲೆ ನಮ್ಮ ಭಾಷೆಯ ಪಾಠ. ಸಂಬಳದ ಚೀಟಿ ಓದುವುದು, ಔಷಧದ ಅಂಗಡಿಯಲ್ಲಿ ನೋವು ಎಲ್ಲಿದೆ ಎಂದು ಹೇಳುವುದು, ಇಂಥದ್ದು. ದೂರದ ಕೆಲಸಕ್ಕೆ ನೀನು, ಹತ್ತಿರದ ಕೆಲಸಕ್ಕೆ ಈ ಕೋಣೆ ಎಂದು ಪಾಸ್ಟರ್ ಹೇಳುತ್ತಾರೆ. ಅಮ್ಮ ಅಲ್ಲಿ ಅವರ ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಾಳೆ. ಒಬ್ಬ ವೆಲ್ಡರ್ ಇದ್ದಾನೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅಮ್ಮ ಅವನಿಗೆ ಕಂಬ ಎಂದು ಹೆಸರಿಟ್ಟಿದ್ದಾಳೆ. ಅವನು ಸೂಜಿಗೆ ದಾರ ಪೋಣಿಸಿ ಕೊಡುತ್ತಾನೆ, ಅವಳು ಹೊಲಿಯುತ್ತಾಳೆ. ಕಳೆದ ತಿಂಗಳ ಕೊನೆಯ ಶನಿವಾರ ಅವನು ತಡವರಿಸುತ್ತ, “ನನ್ನ ತಾಯಿ, ಹೀಗೇ, ಗುಂಡಿ” ಎಂದನಂತೆ. ತಾಯಿಯನ್ನು ನೋಡಿ ಎಷ್ಟು ವರ್ಷವಾಯಿತು ಎಂದು ಅಮ್ಮ ಕೇಳಿದ್ದಕ್ಕೆ ಬೆರಳು ಮಡಚಿ ಮಡಚಿ, ಕೊನೆಗೆ ಎಣಿಕೆ ಬಿಟ್ಟು ನಕ್ಕನಂತೆ.

ಆ ಸಂಜೆಯೇ ಅಮ್ಮ ಅಂಗಡಿಗೆ ಬಂದು ಚೌಕಟ್ಟನ್ನು ನನ್ನ ಮುಂದಿಟ್ಟಳು. ನಿನ್ನ ಫೋಟೊ ತೆಗೆದು ತನಗೆ ಕೊಡಬೇಕು, ಆ ಜಾಗಕ್ಕೆ ಕಂಬನಿಂದ ಕೇಳಿ ತಂದ ಅವನ ಫೋಟೊ ಹಾಕಬೇಕಂತೆ. ಹಿಂಬದಿಯ ಹಲಗೆ ಬಿಚ್ಚಿ ಹಾಗೇ ಮಾಡಿದೆ. ಭಾನುವಾರ ಅದನ್ನು ದರ್ಜಿಯ ಕೈಗೆ ಕೊಟ್ಟು, “ನನ್ನ ಮಗನಿಗೆ ಪ್ರಾರ್ಥನೆ ಮಾಡೋದು ನಿಮಗೆ ಬಾಯಿಪಾಠ ಆಗಿದೆ, ಫೋಟೊ ಬೇಡ. ಇವನಿಗೂ ಊಟಕ್ಕೆ ಮುಂಚೆ ನಾಲ್ಕು ಮಾತು ಬೇಡ್ಕೊಳ್ಳಿ” ಎಂದಳು. ದರ್ಜಿ ಕನ್ನಡಕ ಏರಿಸಿ ನೋಡಿ, “ಇವನು ನಮ್ಮ ಸಭೆಯವನೇ ಅಲ್ವಲ್ಲಮ್ಮ” ಎಂದರು. “ಶನಿವಾರ ಅನ್ನ ಬಡಿಸುವಾಗ ಅದನ್ನ ಕೇಳಿದ್ರಾ?” ಎಂದಳು ಅಮ್ಮ. ದರ್ಜಿ ಫೋಟೊವನ್ನು ಚೀಲಕ್ಕೆ ಹಾಕಿಕೊಂಡರು. ಈಗ ಕಂಬ ಮನೆಯಿಂದ ಮನೆಗೆ ತಿರುಗುತ್ತಿದ್ದಾನೆ. ದರ್ಜಿಯ ಹೆಂಡತಿ ಅವನ ಮುಖ ನೋಡಿ ನೋಡಿ ಒಂದು ದಿನ ನಿಜವಾದ ಕಂಬನನ್ನೇ ಊಟಕ್ಕೆ ಕರೆದರಂತೆ. ಸರದಿ ಬಂದವರೆಲ್ಲ ಈಗ ಅದನ್ನೇ ಮಾಡುವ ಲಕ್ಷಣ ಕಾಣುತ್ತಿದೆ. ನಿನಗೂ ಅಲ್ಲಿ ಯಾರಾದರೂ ಹಾಗೆ ಕರೆಯುತ್ತಾರಾ? ಅಮ್ಮ ಕೇಳುತ್ತಿದ್ದಾಳೆ.

ಸಮಿತಿಯ ಪತ್ರದ ಬಗ್ಗೆ ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: “ಕೆಲಸ ಅವನದ್ದಲ್ಲ, ದೇವರದ್ದು. ನನ್ನ ಮುಖ ನೋಡಿ ತೀರ್ಮಾನ ಮಾಡೋದು ಬೇಡ.” ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿದೆ. ಅಲ್ಲಿ ಕೂದಲು ಉಳಿದಿದೆಯೋ ಇಲ್ಲವೋ ಎಂದೂ ತಿಳಿಸಬೇಕಂತೆ. ನಿನ್ನ ಶಿಷ್ಯರಿಗೆಲ್ಲ ನಮ್ಮ ಮನೆಯವರ ನಮಸ್ಕಾರ.

ನಿನ್ನ ತಂಗಿ,
ಗೋಂದು ಕೈಯವಳು

ತಾ.ಕ.: ಮೇಲಿನದನ್ನು ಅಮ್ಮನಿಗೆ ಓದಿ ಹೇಳಿಯಾಯಿತು. ಇದನ್ನು ಸೋಮವಾರ ಬೆಳಿಗ್ಗೆ ಅಂಗಡಿಗೆ ಬಂದು ನಿಂತೇ ಬರೆಯುತ್ತಿದ್ದೇನೆ, ಟಪಾಲು ತೆಗೆಯುವ ಹೊತ್ತಾಯಿತು. ಬರೆಯಬೇಡ ಎಂದು ಅವಳು ಆಣೆ ಹಾಕಿಸಿದ್ದಾಳೆ, ಆದರೂ ಬರೆಯುತ್ತೇನೆ. ಅಮ್ಮನ ಕಣ್ಣು ಹೋಗುತ್ತಿದೆ. ನೇರ ನೋಡಿದರೆ ನಡುವೆ ಕಪ್ಪು ಮಚ್ಚೆ, ಅಂಚಿನಲ್ಲಿ ಮಾತ್ರ ಕಾಣುತ್ತದೆ. ಅಂದು ಪಾಸ್ಟರ್ ಮುಖ ಕಾಣಲೆಂದೇ ಅವಳು ಗೋಡೆ ನೋಡಿದ್ದು. ನಿನ್ನ ಫೋಟೊ ಇಟ್ಟುಕೊಂಡದ್ದೂ ಇದಕ್ಕೇ, ಕಾಣುವಷ್ಟು ದಿನ ನೋಡಿಬಿಡುತ್ತೇನೆ ಎಂದು. ಗುಣವಾಗುವುದಲ್ಲ, ವರ್ಷದೊಳಗೆ ಮುಖಗಳು ಗುರುತು ಸಿಗದೆ ಹೋಗಬಹುದು ಎಂದು ವೈದ್ಯರು ಹೇಳಿದ್ದಾರೆ. ಶಾಲೆಯ ಕಟ್ಟಡ ಮುಗಿಸಲೆಂದು ನೀನು ತೆಗೆದುಕೊಳ್ಳದೆ ಬಿಟ್ಟ ರಜೆಗಳು ಹಾಗೇ ಉಳಿದಿವೆ, ಪಾಸ್ಟರನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಕೆಲಸ ಬಿಡು ಎನ್ನುವುದಿಲ್ಲ. ಸಹಿ ಹಾಕುವ ಮುಂಚೆ ಒಮ್ಮೆ ಬಾ. ಬಂದಾಗ ಅವಳ ಎದುರಿಗೆ ಕೂರಬೇಡ, ಎಡಗಡೆ ಕಿಟಕಿಯ ಹತ್ತಿರ ಕೂರು. ಅಲ್ಲಿಂದಾದರೆ ಅವಳಿಗೆ ಕಾಣಿಸುತ್ತೀಯ.