ಲಾಗ್‌ನಲ್ಲಿ ನಿಮ್ಮ ಹೆಸರು

ಮೇಲೂರು

ಮೋಹನ್‌ಬಾಬು ಅವರೇ,

ಒಂದು ಮಾತನ್ನು ಬಿಟ್ಟೇ ಈ ಪತ್ರ ಮುಗಿಸಬೇಕೆಂದಿದ್ದೆ. ಎರಡು ಸಲ ಹಾಗೆಯೇ ಬರೆದು ಹರಿದು ಹಾಕಿದೆ. ಆ ಮಾತು ಇದು: ಎರಡು ತಿಂಗಳು ನಾನು ನಿಮ್ಮ ಮೇಲೆ ಕಣ್ಣಿಟ್ಟಿದ್ದೆ. ಇಂಗ್ಲಿಷಿನಲ್ಲಿ ಬರೆದರೆ ನನಗೆ ಸಬೂಬುಗಳು ಸಲೀಸಾಗಿ ಸಿಗುತ್ತವೆ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಅವರ ಫೋಟೊ, ಕಾಗದಪತ್ರ, ಫೋನಿನಲ್ಲಿದ್ದ ಧ್ವನಿ ಸಂದೇಶಗಳನ್ನೆಲ್ಲ ಒಂದು ಸ್ಟೋರೇಜ್ ಪೆಟ್ಟಿಗೆಗೆ ತುಂಬಿ, ನಡುಮನೆಯ ಮೂಲೆಯಲ್ಲಿಟ್ಟು ಇಂಟರ್ನೆಟ್ಟಿಗೆ ಜೋಡಿಸಿದೆ. ಅದು ಸದಾ ಗುಂಯ್‌ಗುಟ್ಟುವುದನ್ನು ಕೇಳಿ ನೀವು, "ಮನೆ ಪೂರ್ತಿ ಅದರೊಳಗೆ ಹಾಕ್ಬಿಟ್ರಾ ಅಕ್ಕ? ಹಸು ಒಂದು ಮಿಕ್ಕೈತೆ" ಎಂದಿದ್ದಿರಿ. ಅದರ ಮೇಲೆ ವೆಬ್ ಸರ್ವರ್ ಹಾಕಿ, ಎಲ್ಲಿದ್ದರೂ ಫೋನಿನಲ್ಲಿ ತೆರೆದು ನೋಡುವ ಹಾಗೆ ಮಾಡಿ, ಮನೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟೆ. ಯಾರು, ಎಷ್ಟು ಹೊತ್ತಿಗೆ, ಯಾವ ಫೈಲ್ ತೆರೆದರು ಎಂದು ಸರ್ವರ್ ತನ್ನ ಲಾಗ್‌ನಲ್ಲಿ ಬರೆದಿಡುತ್ತದೆ. ಅದನ್ನು ನಿಮಗೆ ಯಾರಿಗೂ ಹೇಳಲಿಲ್ಲ. ಮರೆತೆನೋ, ಬೇಕೆಂದೇ ಬಿಟ್ಟೆನೋ, ಈಗಲೂ ಖಚಿತವಿಲ್ಲ.

ಜನವರಿಯಲ್ಲಿ ನಿಮ್ಮ ಹೆಸರು ಕಣ್ಣಿಗೆ ಬಿತ್ತು. ಹೆಚ್ಚುಕಡಿಮೆ ದಿನವೂ ಏಳೂಮುಕ್ಕಾಲಿಗೆ, ಅಪ್ಪನ ಫೋಲ್ಡರಿನಲ್ಲಿ, 0417 ಎಂಬ ಫೈಲ್. ಜಮೀನಿನ ವಿಭಾಗಪತ್ರವೂ ಆ ಫೋಲ್ಡರಿನಲ್ಲೇ ಇತ್ತು. ಶಿರೀಷಾ ಶಾಲೆಗೆ ಹೊರಡುವುದು ಏಳೂವರೆಗೆ. ತಂಗಿ ಬಾಗಿಲು ದಾಟಿದ ಕಾಲು ಗಂಟೆಗೆ ಅವಳ ಗಂಡ ನಮ್ಮ ಜಮೀನಿನ ಕಾಗದ ನೋಡುತ್ತಾರೆ ಎಂದರೆ ಏನರ್ಥ? ಫೈಲುಗಳಿಗೆಲ್ಲ ಬರೀ ಅಂಕಿ. 0417 ಯಾವುದೆಂದು ತೆರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತೆರೆಯಲಿಲ್ಲ. ಅಪ್ಪನ ಧ್ವನಿಗಳೂ ಅಲ್ಲೇ ಇದ್ದವು, ಕೈತಪ್ಪಿ ಒಂದು ಕೇಳಿಸಿಬಿಟ್ಟರೆ ಎಂಬ ಭಯ. ಭಯಕ್ಕಿಂತ ಅನುಮಾನ ನನಗೆ ಸುಲಭವಾಯಿತು.

ಜನವರಿ ಕೊನೆಯಲ್ಲಿ ನಿಮ್ಮ ಪಾಸ್‌ವರ್ಡನ್ನು ತಡೆದೆ. ಹನ್ನೊಂದು ದಿನ ನೀವು ಪ್ರಯತ್ನಿಸಿದ್ದನ್ನು ಲಾಗ್‌ನಲ್ಲಿ ನೋಡಿದೆ. ಒಂದು ದಿನವಾದರೂ "ಯಾಕೆ ತೆರೀತಿಲ್ಲ ಅಕ್ಕ" ಎಂದು ನೀವು ಕೇಳಲಿಲ್ಲ. ತಪ್ಪಿಲ್ಲದವರು ಕೇಳುತ್ತಿದ್ದರು ಎಂದುಕೊಂಡು ಅಮ್ಮನಿಗೆ ಹೇಳಿದೆ. ಅಮ್ಮ ಶಿರೀಷಾಳಿಗೆ, "ಕಾಗದ ಬೇಕಿದ್ರೆ ನಿನ್ನ ಗಂಡ ಎದುರಿಗೆ ಬಂದು ಕೇಳ್ಲಮ್ಮ" ಎಂದರು. ಅವಳು ಊಟ ಅರ್ಧಕ್ಕೆ ಬಿಟ್ಟು ಗೌರಿಬಿದನೂರಿನ ನಿಮ್ಮ ಮನೆಗೆ ಬಸ್ ಹತ್ತಿದಳು. ಫೆಬ್ರವರಿಯಲ್ಲಿ ರೇಷ್ಮೆಹುಳ ಹಣ್ಣಾದಾಗ, ಪ್ರತಿ ಬೆಳೆಗೂ ಕುಡುಮಲಕುಂಟೆಯ ಕಾರ್ಖಾನೆಗೆ ರಜ ಹಾಕಿ ಬರುತ್ತಿದ್ದ ನಿಮ್ಮನ್ನು ಯಾರೂ ಕರೆಯಲಿಲ್ಲ. ಕೂಲಿಯವರು ಹುಳ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟರು. "ಮೋಹನಪ್ಪನ ಕೈ ಹಗುರ ಕಣೇ" ಎಂದು ಅಮ್ಮ ಒಂದೇ ಸಲ ಅಂದರು.

ಕಳೆದ ಗುರುವಾರ ಸರ್ವರ್ ಸೆಟ್ಟಿಂಗ್ಸ್ ನೋಡುವಾಗ ತಿಳಿಯಿತು, ಪೆಟ್ಟಿಗೆಯ ಗಡಿಯಾರಕ್ಕೆ ನಾನು ಭಾರತದ ಸಮಯವನ್ನೇ ಕೊಟ್ಟಿರಲಿಲ್ಲ. ಅದು ಐದೂವರೆ ಗಂಟೆ ಹಿಂದಿತ್ತು. ನಿಮ್ಮ ಏಳೂಮುಕ್ಕಾಲು ಅಂದರೆ ಮಧ್ಯಾಹ್ನ ಒಂದೂಕಾಲು, ಕಾರ್ಖಾನೆಯಲ್ಲಿ ನಿಮ್ಮ ಊಟದ ಬಿಡುವು. ನಲವತ್ತು ಜನರ ನಡುವೆ ಕೂತು ಕದ್ದು ಓದುವುದು ಏನಿರುತ್ತದೆ? ಆಗ 0417 ತೆರೆದೆ.

ಅಪ್ಪ ನಿಮ್ಮನ್ನು ತೆಲುಗಿನಲ್ಲಿ ಅಳಿಯ ಎಂದೇ ಕರೆಯುತ್ತಿದ್ದರಲ್ಲ, ಆ ಧ್ವನಿ. "ಅಲ್ಲುಡೂ, ಹುಳ ಹಣ್ಣಾಗವೆ. ರಜ ಹಾಕಿ ಬಾರಪ್ಪ. ಉಂಡು ಬರ್ಬೇಡ, ಇಲ್ಲೇ ಉಣ್ಣಣ." ಅಷ್ಟೇ. ಆ ಸಂದೇಶ ಬಂದಿದ್ದ ನಿಮ್ಮ ಹಳೆಯ ಫೋನು ಕಾರ್ಖಾನೆಯಲ್ಲಿ ಬಿದ್ದು ಒಡೆದದ್ದು ಆಮೇಲೆ ನೆನಪಾಯಿತು. ಆ ಮಾತು ಇನ್ನೆಲ್ಲೂ ಉಳಿದಿಲ್ಲ. ಮಗಳಾದ ನಾನು ಕೇಳಲು ಹೆದರಿದ್ದನ್ನು ನೀವು ದಿನವೂ ಊಟಕ್ಕೆ ಮುಂಚೆ ಕೇಳುತ್ತಿದ್ದಿರಿ.

ತಪ್ಪಾಯಿತು. ಆದರೂ ಒಂದು ಉಳಿದಿದೆ. ವಿಭಾಗಪತ್ರ 0422. ಜನವರಿ ಒಂಬತ್ತರಂದು ನೀವು ಅದನ್ನೂ ಎರಡು ಸಲ ತೆರೆದಿದ್ದೀರಿ. ಬೆರಳು ಜಾರಿರಬಹುದು, ಜಾರದೆಯೂ ಇರಬಹುದು. ಕ್ಷಮೆ ಕೇಳುವ ಪತ್ರದಲ್ಲೇ ಇದನ್ನೂ ಕೇಳುತ್ತಿದ್ದೇನೆ, ನನ್ನ ಬುದ್ಧಿ ಅಂಥದ್ದು. ಮನಸ್ಸಿನಲ್ಲೇ ಇಟ್ಟುಕೊಂಡು ಮತ್ತೆ ಕಾವಲು ಕೂರುವುದಕ್ಕಿಂತ ಕೇಳಿಬಿಡುವುದು ಮೇಲು ಅನ್ನಿಸಿತು. ಉತ್ತರ ಕೊಡದಿದ್ದರೂ ಸರಿ, ನಿಮ್ಮ ಪಾಸ್‌ವರ್ಡ್ ಮೊದಲಿನಂತೆ ನಡೆಯುತ್ತದೆ. ಲಾಗ್ ನಿಲ್ಲಿಸಿದ್ದೇನೆ. ಅದನ್ನು ನೀವು ನಂಬಲೇಬೇಕೆಂದು ಹೇಳುವ ಹಕ್ಕು ನನಗಿಲ್ಲ.

ಮೆಸೇಜ್ ಕಳಿಸಿದ್ದರೆ ನೀವು ಓದಿದಿರೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ಕಾಗದವಾದರೆ ಆ ದಾರಿ ಇಲ್ಲ.

ಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿವೆ. ಯುಗಾದಿ ಕಳೆದ ನಾಲ್ಕೈದು ದಿನಕ್ಕೆ ಹಣ್ಣಾಗುತ್ತವೆ. ಈ ಸಲ ಫೋನು ನಾನೇ ಮಾಡುತ್ತೇನೆ. ಅಪ್ಪನ ಹಾಗೆ ಕರೆಯಲು ನನಗೆ ಬರುವುದಿಲ್ಲ. ಆದರೂ ಉಂಡು ಬರಬೇಡಿ.

ನಿಮ್ಮ ಮನೆ, ನನ್ನ ತಂಗಿಯ ಮನಸ್ಸು ಎರಡೂ ತಣ್ಣಗಿರಲಿ.

ನಿಮ್ಮ ಅಕ್ಕ,
ತನುಜ

ಅಂಚೆಗೆ ಹಾಕುವುದು: ಸೋಮವಾರ, ೧೬ ಮಾರ್ಚ್ ೨೦೨೬